ಮ್ಯಾಟ್ ಪಕ್ಕದ ಗಿಡ, ಅವ್ವನ ಚೊಂಬು

ಶವಾಸನದಲ್ಲಿ ಮಲಗಿದ್ದಾಗ ಹಣೆ ಮೇಲೆ ಟಪ್ ಅಂತ ಒಂದು ಹನಿ ತಣ್ಣೀರು ಬಿತ್ತು. ಕಣ್ಣು ಬಿಡಬಾರದು ಅಂತ ಮೇಷ್ಟ್ರು ಹೇಳಿದಾರಲ್ಲ, ಸರಿ ಅಂತ ಸುಮ್ನಿದ್ದೆ, ಇನ್ನೊಂದು ಬಿತ್ತು. ಮೂರನೇದು ಮೂಗಿನ ಪಕ್ಕ ಇಳಿದು ಕಿವಿ ಕಡೆ ಹೊರಟಾಗ ಎದ್ದು ನೋಡಿದ್ರೆ, ಹಿಂದಿನ ದಿನ ಉತ್ಸಾಹದಲ್ಲಿ ಸೀಲಿಂಗ್ ಕೊಕ್ಕೆಗೆ ನೇತುಹಾಕಿದ್ದ ಮನಿಪ್ಲಾಂಟ್ ಕುಂಡದ ತಳದಿಂದ ನೀರು ಇನ್ನೂ ತೊಟ್ಟಿಕ್ತಾ ಇತ್ತು. ಆಯುರ್ವೇದ ಸೆಂಟರಲ್ಲಿ ಹಣೆ ಮೇಲೆ ಎಣ್ಣೆ ಧಾರೆ ಬಿಡೋ ಶಿರೋಧಾರೆಗೆ ಸಾವಿರಗಟ್ಟಲೆ ತಗೋತಾರೆ, ನಿಮಗೆ ಮನೇಲೇ ಪುಕ್ಕಟೆ ಆಯ್ತಲ್ರೀ ಅಂದ್ಲು ನಮ್ಮನೆಯವಳು.

ಈ ರೂಮಿನ ಕಥೆ ಸ್ವಲ್ಪ ಹಿಂದಿನಿಂದ ಹೇಳ್ಬೇಕು. ನಾನು ಹುಟ್ಟಿದ್ದು ಪಾಂಡವಪುರದ ಹತ್ರ ನಾಲೆ ಬಯಲಿನ ಒಂದು ಹಳ್ಳೀಲಿ, ಮೈಸೂರಿಗೆ ಬಂದು ಮೂವತ್ತು ವರ್ಷ ಆಗ್ತಾ ಬಂತು. ಯೋಗ ಅಂದ್ರೆ ಮೈಸೂರು ಅಂತ ಪ್ರಪಂಚ ಎಲ್ಲಾ ಹೇಳತ್ತೆ. 1933ರಲ್ಲಿ ನಾಲ್ವಡಿಯವರು ಜಗನ್ಮೋಹನ ಅರಮನೇಲಿ ಜಾಗ ಕೊಟ್ಟು ಕೃಷ್ಣಮಾಚಾರ್ಯರ ಕೈಲಿ ಯೋಗಶಾಲೆ ಶುರು ಮಾಡಿಸಿದ್ರು, ಅವರ ಶಿಷ್ಯ ಪಟ್ಟಾಭಿ ಜೋಯಿಸರು ಮೊದಲು ಲಕ್ಷ್ಮೀಪುರಂಗೆ ಆಮೇಲೆ ಗೋಕುಲಂಗೆ ಇಡೀ ಜಗತ್ತನ್ನೇ ಕರೆಸಿಕೊಂಡ್ರು, ಗೋಕುಲಂ ಎಳನೀರಿನವರಿಗೂ ಇವತ್ತು ನನಗಿಂತ ಚೆನ್ನಾಗಿ ಇಂಗ್ಲಿಷ್ ಬರತ್ತೆ. 2022ರ ಯೋಗ ದಿನಕ್ಕೆ ಪ್ರಧಾನಿನೇ ಅರಮನೆ ಅಂಗಳಕ್ಕೆ ಬಂದು ಆಸನ ಹಾಕಿ ಹೋದ್ರು. ನಾನು ಆವತ್ತು ರಸ್ತೆ ಬಂದ್ ಅಂತ ಗೊಣಗಿಕೊಂಡು ಟೀವೀಲಿ ನೋಡಿ, ಇನ್ನೊಂದು ಲೋಟ ಕಾಫಿ ಕುಡಿದೆ. ಇಷ್ಟು ಹತ್ರ ಇದ್ದ ಯೋಗ ನನ್ನ ಹತ್ರ ಬಂದಿದ್ದು ಸೊಂಟದ ಮೂಲಕ. ಆಫೀಸಲ್ಲಿ ಕೂತೂ ಕೂತೂ ಸೊಂಟದ ಎಲ್ 4 - ಎಲ್ 5 ಮೂಳೆಗಳ ಮಧ್ಯೆ ಡಿಸ್ಕ್ ಸ್ವಲ್ಪ ಆಚೆ ಬಂದಿದೆ, ಆಪರೇಷನ್ ಏನೂ ಬೇಡ, ನೋವು ಕಮ್ಮಿ ಆದ್ಮೇಲೆ ಗೊತ್ತಿರೋರ ಹತ್ರ ಹೋಗಿ ಮೆಲ್ಲಗೆ ಯೋಗ ಶುರು ಮಾಡಿ ಅಂದ್ರು ಡಾಕ್ಟ್ರು.

ಮೇಷ್ಟ್ರ ಹತ್ರ ಆರು ತಿಂಗಳು ಹೋದೆ, ಆಮೇಲೆ ಮನೇಲೇ ಮಾಡಿ, ವಾರಕ್ಕೊಂದ್ಸಲ ಬಂದು ತೋರಿಸಿ ಅಂದ್ರು. ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋದ್ಮೇಲೆ ಅವಳ ರೂಮು ಖಾಲಿ ಇತ್ತು. ಖಾಲಿ ಅಂದ್ರೆ ಪೂರ್ತಿ ಖಾಲಿ ಅಲ್ಲ, ಸೀಲಿಂಗಲ್ಲಿ ಅವಳು ಐದನೇ ಕ್ಲಾಸಲ್ಲಿದ್ದಾಗ ಸ್ಟೂಲ್ ಹತ್ತಿ ಅಂಟಿಸಿದ್ದ ರೇಡಿಯಂ ನಕ್ಷತ್ರಗಳು ಇನ್ನೂ ಇದಾವೆ, ಒಂದೆರಡು ಉದುರಿಹೋಗಿ ಅಲ್ಲಿ ಅಂಟಿನ ಕಲೆ ಮಾತ್ರ ಉಳಿದಿದೆ. ಪೇಂಟ್ ಮಾಡಿಸೋಣ ಅಂತ ಎರಡು ಸಲ ಅಂದ್ಕೊಂಡು ಎರಡು ಸಲಾನೂ ಬಿಟ್ಟಿದೀನಿ. ಮಂಚ ಗೋಡೆಗೆ ಸರಿಸಿ, ಪುಸ್ತಕದ ಶೆಲ್ಫ್ ಹಾಲಿಗೆ ಹಾಕಿ, ಮಧ್ಯೆ ಮ್ಯಾಟ್ ಹಾಸಿದೆ. ಮೊದಲನೇ ದಿನ ಅಲ್ಲಿ ಕೂತಾಗ ಏನೋ ಒಂಥರಾ ಬಿಕೋ ಅನ್ನಿಸ್ತು. ಒಂದೆರಡು ಗಿಡ ಇಟ್ರೆ ಚೆನ್ನಾಗಿರತ್ತೆ ಅನ್ನೋ ಯೋಚನೆ ಬಂದಿದ್ದು ಅವಾಗ, ನಿಜ ಹೇಳ್ಬೇಕು ಅಂದ್ರೆ ಮೊಬೈಲಲ್ಲಿ ನೋಡಿದ ಫೋಟೋಗಳದ್ದೂ ಪಾತ್ರ ಇದೆ, ಬಿಳೀ ಗೋಡೆ, ಮರದ ನೆಲ, ಮೂಲೇಲಿ ಆಳೆತ್ತರದ ಗಿಡ, ಮಧ್ಯೆ ಒಬ್ಬಳು ಸಣ್ಣ ಹುಡುಗಿ ಬೆನ್ನು ನೆಟ್ಟಗೆ ಕೂತಿರ್ತಾಳೆ. ನಮ್ಮನೇಲಿ ಗ್ರಾನೈಟ್ ನೆಲ, ನಾನು ಐವತ್ತೆರಡು ವರ್ಷದವನು, ಮಂಡಿ ಮಡಚಿದ್ರೆ ಪಕ್ಕದ ಮನೆಗೆ ಕೇಳೋ ಥರ ಶಬ್ದ ಬರತ್ತೆ.

ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಎಲ್ಲರೂ ಒಂದೇ ಐದಾರು ಗಿಡ ಹೇಳ್ತಾರೆ, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಮನಿಪ್ಲಾಂಟ್, ಸ್ಪೈಡರ್ ಪ್ಲಾಂಟ್, ಪೀಸ್ ಲಿಲ್ಲಿ, ಅರೇಕಾ ಪಾಮ್. ಜೊತೆಗೆ ಎಲ್ಲರದ್ದೂ ಒಂದೇ ಮಾತು, ಇವು ಗಾಳಿ ಶುದ್ಧ ಮಾಡ್ತವೆ, ನಾಸಾದವರೇ ಹೇಳಿದಾರೆ ಅಂತ. ಪ್ರಾಣಾಯಾಮ ಮಾಡೋನಿಗೆ ಇನ್ನೇನು ಬೇಕು ಹೇಳಿ. ಆಮೇಲೆ ಸ್ವಲ್ಪ ಓದಿದಾಗ ಗೊತ್ತಾಯ್ತು, ನಾಸಾದ ಅಧ್ಯಯನ 1989ರದ್ದು, ಗಾಳಿ ಆಡದ ಹಾಗೆ ಮುಚ್ಚಿದ ಸಣ್ಣ ಪೆಟ್ಟಿಗೆ ಥರದ ಚೇಂಬರ್ ಒಳಗೆ ಗಿಡ ಇಟ್ಟು ಮಾಡಿದ ಪರೀಕ್ಷೆ. ನಮ್ಮ ರೂಮಲ್ಲಿ ಕಿಟಕಿ ಇದೆ, ಬಾಗಿಲ ಸಂದಿ ಇದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ಯೂನಿವರ್ಸಿಟಿಯವರು ಇಂಥಾ ಹತ್ತಾರು ಪರೀಕ್ಷೆಗಳ ಲೆಕ್ಕಾನೆಲ್ಲಾ ಒಟ್ಟು ಹಾಕಿ, ಮಾಮೂಲಿ ಗಾಳಿ ಓಡಾಟ ಮಾಡೋ ಕೆಲಸ ಗಿಡಗಳು ಮಾಡ್ಬೇಕು ಅಂದ್ರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾಗತ್ತೆ ಅಂದ್ರು. ನಮ್ಮ ರೂಮು 10ಕ್ಕೆ 12 ಅಡಿ, ಅಂದ್ರೆ ಹೆಚ್ಚೂಕಮ್ಮಿ 11 ಚದರ ಮೀಟರ್, ಕಮ್ಮಿ ಅಂದ್ರೂ 110 ಕುಂಡ ಆಯ್ತು. ಅಷ್ಟಿಟ್ರೆ ಮ್ಯಾಟ್ ಎಲ್ಲಿ ಹಾಸೋದು, ನಾನೇ ಬಾಲ್ಕನೀಲಿ ಕೂರ್ಬೇಕು. ಕಿಟಕಿ ತೆಗೆದ್ರೆ ಮುಗೀತು.

ಸ್ನೇಕ್ ಪ್ಲಾಂಟ್ ರಾತ್ರಿ ಹೊತ್ತು ಆಕ್ಸಿಜನ್ ಕೊಡತ್ತೆ ಅನ್ನೋದು ಇನ್ನೊಂದು. ಇದರಲ್ಲಿ ಅರ್ಧ ನಿಜ ಇದೆ. ಬಿಸಿಲು ಸೀಮೆ ಗಿಡ ಆದ್ರಿಂದ ಅದು ಹಗಲು ಎಲೆಯ ಸಣ್ಣ ಸಣ್ಣ ಬಾಯಿಗಳನ್ನ ಮುಚ್ಚಿಕೊಂಡು ನೀರು ಉಳಿಸತ್ತೆ, ರಾತ್ರಿ ತಂಪಾದ್ಮೇಲೆ ತೆಗೆದು ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಒಂದು ಥರ ಹುಳಿ ಮಾಡಿ ಒಳಗೆ ಇಟ್ಕೊಳತ್ತೆ. ಆದ್ರೆ ಆಕ್ಸಿಜನ್ ತಯಾರಾಗಕ್ಕೆ ಬೆಳಕು ಬೇಕೇ ಬೇಕು, ಅದು ಹಗಲು ಕೆಲಸ. ಮಲಗೋ ರೂಮಲ್ಲಿ ಒಂದು ಕುಂಡ ಇಟ್ಕೊಂಡು ಶ್ವಾಸಕೋಶಕ್ಕೆ ಏನೋ ಆಗ್ಬಿಡತ್ತೆ ಅಂತ ಕಾಯೋದು ಬೇಡ. ಅದೂ ಅಲ್ದೆ ನಾವು ಮೈಸೂರಿನವರು, ಗಾಳಿ ಶುದ್ಧ ಆಗ್ಲಿ ಅಂತ ಗಿಡ ತಂದು ಅದರ ಪಕ್ಕದಲ್ಲೇ ಎರಡು ಊದುಬತ್ತಿ ಹಚ್ಚೋ ಜನ, ಹೊಗೆ ಸೀದಾ ಮೂಗಿಗೆ. ಊದುಬತ್ತಿ ಈಗ ದೇವರ ಮನೇಲಿ ಮಾತ್ರ.

ಹಾಗಾದ್ರೆ ಗಿಡ ಯಾಕೆ ಅಂದ್ರೆ ಕಣ್ಣಿಗೆ ಹಸಿರು ಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕೋದು ಬಿಟ್ಟೆ.

ನರ್ಸರಿಗೆ ಹೋಗೋ ಮುಂಚೆ ಬೆಳಕು ನೋಡ್ಬೇಕಿತ್ತು, ನೋಡ್ಲಿಲ್ಲ. ನಮ್ಮದು 30-40 ಸೈಟು, ರೂಮಿಗೆ ಪೂರ್ವಕ್ಕೆ ಒಂದೇ ಕಿಟಕಿ, ಆಚೆ ಮೂರಡಿ ಬಿಟ್ಟು ಪಕ್ಕದ ಮನೆ ಗೋಡೆ. ಬೆಳಗ್ಗೆ ಅವರ ನೀರಿನ ಟ್ಯಾಂಕ್ ಪಕ್ಕದಿಂದ ಒಂದು ಪಟ್ಟಿ ಬಿಸಿಲು ಬಂದು ಮ್ಯಾಟ್ ಮೇಲೆ ಬೀಳತ್ತೆ, ಹತ್ತು ಗಂಟೆಗೆ ಹೋಯ್ತು. ಅರೇಕಾ ಪಾಮನ್ನ ಇಂಥಾ ರೂಮಿನ ಒಳ ಮೂಲೇಲಿಟ್ಟೆ, ಫೋಟೋದಲ್ಲಿ ಹಂಗೇ ಇತ್ತು. ಎರಡು ತಿಂಗಳಿಗೆ ಗರಿ ಎಲ್ಲಾ ಹಳೇ ಪೊರಕೆ ಥರ ಆಯ್ತು. ಆಮೇಲೆ ನರ್ಸರಿಯವರೇ ಒಂದು ಉಪಾಯ ಹೇಳಿಕೊಟ್ರು, ಮಧ್ಯಾಹ್ನ ಹೊತ್ತು ಗಿಡ ಇಡೋ ಜಾಗದಲ್ಲಿ ಒಂದಡಿ ಮೇಲೆ ಕೈ ಹಿಡಿದು ನೆರಳು ನೋಡಿ ಸಾರ್, ಬೆರಳು ಬೆರಳು ಬಿಡಿಬಿಡಿಯಾಗಿ ಕಂಡ್ರೆ ಬೆಳಕು ಜೋರು, ಮಬ್ಬಾಗಿ ಕೈ ಆಕಾರ ಕಂಡ್ರೆ ಮಧ್ಯಮ, ನೆರಳೇ ಕಾಣದಿದ್ರೆ ಅಲ್ಲಿ ಗಿಡ ಇಡಬೇಡಿ, ಗಣಪತಿ ಫೋಟೋ ಇಡಿ ಅಂದ್ರು. ಆ ಮಾತು ನಂಗೆ ಎಲ್ಲಾ ವೆಬ್‌ಸೈಟಿಗಿಂತ ಉಪಯೋಗಕ್ಕೆ ಬಂತು. ಕಮ್ಮಿ ಬೆಳಕಲ್ಲಿ ಬೆಳೆಯೋ ಗಿಡ ಅಂತ ಬರೀತಾರಲ್ಲ, ಅದು ಬೆಳೆಯೋದಲ್ಲ, ಸಾಯದೆ ಇರೋದು. ಸ್ನೇಕ್ ಪ್ಲಾಂಟೂ ಜೀಜೀನೂ ಕತ್ತಲ ಮೂಲೇಲಿ ಒಂದು ವರ್ಷ ಹಂಗೇ ನಿಂತಿರ್ತವೆ, ಒಂದು ಎಲೆ ಹೊಸದು ಬರಲ್ಲ. ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗಿಟ್ರೆ ನಿಧಾನಕ್ಕೆ ಚಿಗುರ್ತವೆ. ತುಳಸಿ ಒಳಗೆ ಇಡಲೇಬೇಡಿ, ಅದಕ್ಕೆ ಅಂಗಳದ ಬಿಸಿಲು ಬೇಕು, ಒಳಗಿಟ್ಟು ಸಾಯಿಸಿ ಆಮೇಲೆ ಅಪಶಕುನ ಅಂತ ಮನೆಯವರ ಕೈಲಿ ಅನ್ನಿಸಿಕೊಳ್ಳೋದು ಯಾಕೆ.

ಎರಡನೇ ತಪ್ಪು ಜಾಗದ್ದು. ಸೂರ್ಯ ನಮಸ್ಕಾರದಲ್ಲಿ ಬಲಗಾಲು ಹಿಂದಕ್ಕೆ ಚಾಚ್ತೀವಲ್ಲ, ಅಶ್ವ ಸಂಚಲನಾಸನ, ಅದರಲ್ಲಿ ಒಂದಿನ ಕಾಲು ಸೀದಾ ಹೋಗಿ ಸ್ಪೈಡರ್ ಪ್ಲಾಂಟಿನ ಪಿಂಗಾಣಿ ಕುಂಡಕ್ಕೆ ಬಡೀತು. ಕುಂಡ ಒಡೆದು ಮಣ್ಣೆಲ್ಲಾ ಮ್ಯಾಟ್ ಮೇಲೆ, ಹೆಬ್ಬೆರಳಿನ ಉಗುರು ಕಪ್ಪಾಗಿ ತಿಂಗಳು ಇತ್ತು. ಮ್ಯಾಟ್ ಆರಡಿ ಅಂದ್ರೆ ಆಸನಕ್ಕೆ ಆರಡಿ ಸಾಕು ಅಂತಲ್ಲ, ಕೈಕಾಲು ಎಲ್ಲಾ ದಿಕ್ಕಿಗೂ ಹೋಗ್ತವೆ, ತ್ರಿಕೋನಾಸನದಲ್ಲಿ ಎರಡೂ ಕಡೆ ಕೈ ಚಾಚಿದ್ರೆ ನಮ್ಮೆತ್ತರ ಎಷ್ಟಿದೆಯೋ ಅಷ್ಟಗಲ ಆಗ್ತೀವಿ. ಈಗ ಮ್ಯಾಟ್ ಸುತ್ತ ಎರಡಡಿ ಏನೂ ಇಲ್ಲ. ತಲೆ ಮೇಲೂ ಏನೂ ಇಲ್ಲ, ಶಿರೋಧಾರೆ ಆದ್ಮೇಲೆ. ಪಿಂಗಾಣಿ ಬೇಡ, ನರ್ಸರಿಯ ಕಪ್ಪು ಪ್ಲಾಸ್ಟಿಕ್ ಪಾಟೇ ಸಾಕು, ನೋಡಕ್ಕೆ ಚೆಂದ ಬೇಕು ಅಂದ್ರೆ ಅದನ್ನ ಬೆತ್ತದ ಬುಟ್ಟಿ ಒಳಗಿಡಿ. ಭಾರ ಕಮ್ಮಿ, ಎತ್ತಿ ನೋಡಿದ್ರೆ ಮಣ್ಣು ಒಣಗಿದೆಯೋ ಇಲ್ವೋ ಕೈಗೇ ಗೊತ್ತಾಗತ್ತೆ.

ಗಿಡ ಆರಿಸೋಕೆ ನಾನು ಕಂಡ್ಕೊಂಡ ದಾರಿ ವಿಚಿತ್ರ ಅನ್ನಿಸಬಹುದು, ಮಲಗಿ ನೋಡೋದು. ಯೋಗದ ರೂಮಲ್ಲಿ ನಾವು ಗಿಡ ನೋಡೋದು ನಿಂತ್ಕೊಂಡಲ್ಲ, ಕೂತು, ಮಲಗಿ, ಕೆಲವು ಸಲ ತಲೆಕೆಳಗಾಗಿ. ಕೆಳಗಿಂದ ನೋಡಿದಾಗ ಸ್ನೇಕ್ ಪ್ಲಾಂಟಿನ ಎಲೆ ನೆಟ್ಟಗೆ ಮೇಲಕ್ಕೆ ಹೋಗತ್ತೆ, ಬೆನ್ನು ನೆಟ್ಟಗೆ ಮಾಡು ಅಂತ ಹೇಳ್ದಂಗೆ. ಹರಡಿಕೊಳ್ಳೋ ಗಿಡದಲ್ಲಿ ಎಲೆ ಅಡಿ ಕಾಣತ್ತೆ, ಅಲ್ಲಿರೋ ಜೇಡರ ಬಲೆ, ಧೂಳು, ಹಿಟ್ಟು ತಿಗಣೆ ಎಲ್ಲಾ ಕಾಣತ್ತೆ. ನಮ್ಮನೆ ಮನಿಪ್ಲಾಂಟಿಗೆ ಹತ್ತಿ ಚೂರು ಅಂಟಿಸಿದ ಥರ ಬಿಳೀ ಹಿಟ್ಟು ತಿಗಣೆ ಬಂದಿದ್ದು ನಂಗೆ ಗೊತ್ತಾಗಿದ್ದು ಶವಾಸನದಲ್ಲೇ, ನಿಂತು ನೋಡಿದ್ರೆ ತಿಂಗಳಾದ್ರೂ ಕಾಣ್ತಿರಲಿಲ್ಲ. ಆದ್ರೆ ಕಂಡ್ಮೇಲೆ ಶವಾಸನ ಎಲ್ಲಿ ಬಂತು, ಎದ್ದು ಸೋಪಿನ ನೀರಲ್ಲಿ ಹತ್ತಿ ಅದ್ದಿ ಒರೆಸಕ್ಕೆ ಕೂತೆ, ಆವತ್ತು ಯೋಗ ಅಷ್ಟಕ್ಕೇ ಮುಗೀತು. ಅವತ್ತೇ ತೀರ್ಮಾನ ಮಾಡಿದೆ, ಈ ರೂಮಿನ ಗಿಡ ಎಂಥದೇ ಇರ್ಲಿ, ನನ್ನನ್ನ ಮ್ಯಾಟ್ ಮೇಲಿಂದ ಎಬ್ಬಿಸಬಾರದು. ಎಲೆ ಉದುರಿಸೋದು, ಬಳ್ಳಿ ಬಿಟ್ಟು ಕಿಟಕಿಗೆ ಸುತ್ತಿಕೊಳ್ಳೋದು, ಹುಳ ಕರೆಯೋದು, ಇಂಥವೆಲ್ಲಾ ಬಾಲ್ಕನಿಗೆ ವರ್ಗ. ಮನಿಪ್ಲಾಂಟ್ ಹಂಗೆ ಹೋಯ್ತು. ಬಾಟ್ಲಿ ನೀರಲ್ಲಿ ಇನ್ನೊಂದು ಕಡ್ಡಿ ಇಟ್ಟಿದ್ವಿ, ಡೆಂಗಿ ಸಮಯದಲ್ಲಿ ಮನೆಮನೆ ನೋಡಕ್ಕೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ಅದರೊಳಗೆ ಲಾರ್ವಾ ತೋರಿಸಿದ್ರು, ಸಣ್ಣ ಸಣ್ಣ ಕಡ್ಡಿ ಥರ ತಲೆಕೆಳಗಾಗಿ ನೇತಾಡ್ತಿದ್ವು. ಆ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ವಾರ ಹತ್ತು ದಿನ ಸಾಕು, ಅದಕ್ಕೆ ವಾರಕ್ಕೊಂದ್ಸಲ ಬಾಟ್ಲಿ, ಕುಂಡದ ಕೆಳಗಿನ ತಟ್ಟೆ ಎಲ್ಲಾ ಉಜ್ಜಿ ಚೆಲ್ಲಿ ಅಂದ್ರು. ಮನೆಯವಳು ಬಾಟ್ಲೀನೇ ಎಸೆದ್ಲು.

ಕೊನೆಗೆ ರೂಮಲ್ಲಿ ಉಳಿದಿದ್ದು ಎರಡು, ಸ್ನೇಕ್ ಪ್ಲಾಂಟ್ ಒಂದು, ಜೀಜೀ ಒಂದು. ಇವೆರಡೂ ಸೋಮಾರಿಗಳ ಗಿಡ ಅಂತಾನೇ ಹೆಸರುವಾಸಿ. ಜೀಜೀ ಮಣ್ಣೊಳಗೆ ಆಲೂಗಡ್ಡೆ ಥರ ಗೆಡ್ಡೆ ಮಾಡ್ಕೊಂಡು ಅದರಲ್ಲೇ ನೀರು ಕೂಡಿಟ್ಟಿರತ್ತೆ, ಎರಡು ಮೂರು ವಾರ ತಿರುಗಿ ನೋಡದಿದ್ರೂ ಬೇಜಾರಿಲ್ಲ.

ಇಲ್ಲಿ ಅವ್ವನ ಪ್ರವೇಶ. ಅಪ್ಪ ಹೋದ್ಮೇಲೆ ನಾಲ್ಕು ವರ್ಷದಿಂದ ಅವ್ವ ನಮ್ಮ ಜೊತೇನೇ ಇದಾಳೆ, ಊರಿನ ಜಮೀನು ಗುತ್ತಿಗೆಗೆ ಕೊಟ್ಟಿದೀವಿ. ಗಿಡ ತಂದ ದಿನ ಅವ್ವ ಸ್ನೇಕ್ ಪ್ಲಾಂಟ್ ಸುತ್ತ ಒಂದು ಸುತ್ತು ಬಂದು, "ಏನ್ಲಾ ಮಗ, ಕತ್ತಾಳೆ ತಂದು ಮನೆ ಒಳೀಕೆ ಮಡಗಿದೀಯಲ್ಲಾ, ಬೇಲೀಲಿರಬೇಕಾದ್ದು" ಅಂದ್ಲು. ಇನ್ನೂರೈವತ್ತು ರೂಪಾಯಿ ಅಂತ ನಾನು ಹೇಳಲಿಲ್ಲ. ಆಮೇಲೆ ನೋಡಿದ್ರೆ ಅವ್ವ ಹೇಳಿದ್ದು ಸುಳ್ಳೇನಲ್ಲ, ಗಿಡಗಳ ವಿಂಗಡಣೇಲಿ ಈಗ ಕತ್ತಾಳೆನೂ ಇದೂ ಒಂದೇ ಕುಟುಂಬ, ಕತ್ತಾಳೆ ಥರ ಇದರ ಎಲೇಲೂ ನಾರಿದೆ. ಜೀಜೀ ಎಲೆ ಉಗುರಲ್ಲಿ ತಟ್ಟಿ ನೋಡಿ "ಇದು ಪಿಲಾಸ್ಟಿಕ್ಕಾ?" ಅಂದ್ಲು. ಅಲ್ಲ ಅವ್ವ, ನಿಜವಾದ್ದೇ ಅಂದೆ. "ಹೂವಿಲ್ಲ, ಕಾಯಿಲ್ಲ, ಸಾರಿಗೂ ಆಗಕಿಲ್ಲ, ದನಾನೂ ತಿನ್ನಕಿಲ್ಲ. ಯಾತಕ್ಲಾ?"

ದನ ತಿನ್ನದೇ ಇರೋದೇ ಒಳ್ಳೇದು. ಜೀಜೀ, ಮನಿಪ್ಲಾಂಟ್, ಪೀಸ್ ಲಿಲ್ಲಿ ಎಲ್ಲಾ ನಮ್ಮ ಕೆಸುವಿನ ಕುಟುಂಬ. ಕೆಸುವಿನ ದಂಟು ಹುಳಿ ಸರಿಯಾಗಿ ಹಾಕದೆ ಮಾಡಿದ್ರೆ ಗಂಟಲು ಕೆರೆಯತ್ತಲ್ಲ, ಅದೇ ಸೂಜಿ ಥರದ ಹರಳು ಇವುಗಳಲ್ಲೂ ಇದಾವೆ, ಅಂಬೆಗಾಲಿನ ಮಕ್ಕಳು, ನಾಯಿ, ಬೆಕ್ಕು ಇರೋ ಮನೇಲಿ ನೆಲದ ಮೇಲೆ ಇಡಬೇಡಿ. ಸ್ಪೈಡರ್ ಪ್ಲಾಂಟಿಗೆ ಆ ಕಾಟ ಇಲ್ಲ.

ಮೂರು ತಿಂಗಳು ಎಲ್ಲಾ ಸರಿ ಇತ್ತು. ಆಮೇಲೆ ಭ್ರಾಮರಿ ಪ್ರಾಣಾಯಾಮ ಮಾಡೋವಾಗ ಮುಖದ ಮುಂದೆ ಸಣ್ಣ ಕರೀ ನೊಣ ಹಾರಾಡಕ್ಕೆ ಶುರು ಆಯ್ತು, ನಾನು ಹೂಂ ಅಂತ ಗುಂಯ್‌ಗುಟ್ಟಿದ್ರೆ ಅದೂ ಬಂದು ಮೂಗಿನ ತುದಿ ಮೇಲೆ ಕೂರೋದು, ಒಂದಿನ ಉಸಿರು ಎಳೆದಾಗ ಒಳಗೇ ಹೋಯ್ತು. ಆ ಸೀನು ನಮ್ಮ ಬೀದಿ ಕೊನೆವರೆಗೂ ಕೇಳಿರ್ಬೇಕು. ಕುಂಡದ ಮಣ್ಣು ಸದಾ ಒದ್ದೆ ಇದ್ರೆ ಮೇಲಿನ ಒಂದೆರಡು ಇಂಚಲ್ಲಿ ಈ ನೊಣ ಮೊಟ್ಟೆ ಇಡತ್ತೆ, ಮೇಲ್ಮಣ್ಣು ಒಣಗಿಸಿದ್ರೆ ತಾನಾಗೇ ಹೋಗತ್ತೆ ಅಂತ ಓದಿದೆ. ಆದ್ರೆ ನಾನು ಮೂರು ವಾರಕ್ಕೊಂದು ಸಲ ಮಾತ್ರ ನೀರು ಹಾಕ್ತಿರೋದು! ಬೆರಳು ಚುಚ್ಚಿ ನೋಡಿದ್ರೆ ಮಣ್ಣು ಕೆಸರು. ಜೀಜೀಯ ಒಂದು ದಂಟು ಹಳದಿಯಾಗಿ ಬುಡದಲ್ಲಿ ಮೆತ್ತಗಾಗಿತ್ತು, ಎಳೆದ್ರೆ ಕೈಗೇ ಬಂತು, ಮೂಸಿದ್ರೆ ಕೊಳೆತ ವಾಸನೆ. ನರ್ಸರಿ ಮಣ್ಣಿಂದೇ ತಪ್ಪು ಅಂದ್ಕೊಂಡೆ, ಅವರು ಕೊಡೋ ಕೆಂಪು ಜೇಡಿಮಣ್ಣು ನೀರು ಬಿಡಲ್ಲ, ಉಂಡೆ ಕಟ್ಟಿರತ್ತೆ. ಭಾನುವಾರ ಕೂತು ಗಿಡ ಕಿತ್ತು ಕೊಳೆತ ಬೇರು ಕತ್ತರಿಸಿ, ಕೆಂಪು ಮಣ್ಣಿಗೆ ಕೋಕೋಪೀಟು, ದಪ್ಪ ಮರಳು, ಒಂದು ಬೊಗಸೆ ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿ, ಕುಂಡದ ತೂತು ದೊಡ್ಡದು ಮಾಡಿ ಮತ್ತೆ ನೆಟ್ಟೆ. ಹದಿನೈದು ದಿನಕ್ಕೆ ಮತ್ತೆ ಕೆಸರು, ಮತ್ತೆ ನೊಣ. ನಾನು ಮೇಲಿಂದ ಏನಾದ್ರೂ ಸೋರ್ತಿದೆಯಾ ಅಂತ ಸೀಲಿಂಗೂ ನೋಡಿದೆ, ನಕ್ಷತ್ರ ಬಿಟ್ರೆ ಏನಿಲ್ಲ.

ಗೊತ್ತಾಗಿದ್ದು ಅನುಲೋಮ ವಿಲೋಮದ ಮಧ್ಯೆ. ಬಲ ಮೂಗು ಮುಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದೀನಿ, ಹಿಂದಿನಿಂದ ಹಗೂರ ಹೆಜ್ಜೆ ಸಪ್ಪಳ, ಬಳೆ ಸದ್ದು, ಆಮೇಲೆ ಗುಳುಗುಳು ಅಂತ ನೀರು. ಒಂದೇ ಕಣ್ಣು ಬಿಟ್ಟು ನೋಡಿದೆ. ಅವ್ವ ಬಗ್ಗಿ, ಹಿತ್ತಾಳೆ ಚೊಂಬಿನ ಬಾಯಿಗೆ ಎಡಗೈ ಅಡ್ಡ ಕೊಟ್ಟು, ಬೆರಳ ಸಂದಿಯಿಂದ ನೀರು ಚದುರಿ ಬೀಳೋ ಹಾಗೆ ಜೀಜೀ ಬುಡಕ್ಕೆ ಹಾಕ್ತಿದಾಳೆ. ಸಸಿ ಮಡಿಗೆ ನೀರು ಕೊಡೋ ಕೈ ಅದು, ಒಂದು ಕಡೆ ಗುಂಡಿ ಬೀಳಬಾರದು ಅಂತ. ದಿನಾ ಬೆಳಗ್ಗೆ ಎದ್ದು ಬಿಸಿನೀರು ಕುಡೀತಾಳಲ್ಲ, ಚೊಂಬಲ್ಲಿ ಉಳಿದಿದ್ದು ಆರಿದ ಮೇಲೆ ಇಲ್ಲಿಗೆ ಬರ್ತಿತ್ತು, ಅರ್ಧ ಜೀಜೀಗೆ ಅರ್ಧ ಕತ್ತಾಳೆಗೆ, ಮೂರು ನಾಲ್ಕು ತಿಂಗಳಿಂದ.

"ಅವ್ವ, ಇದಕ್ಕೆ ನೀರು ಬೇಡ ಅಂದಿರಲಿಲ್ವಾ" ಅಂದೆ, ಮೂಗು ಬಿಟ್ಟು.

"ವಸಿ ಉಯ್ದೆ ಕಣ್ಲಾ, ಪಾಪ ಒಣೀಕಂಡಿತ್ತು. ಗಿಡ ಅಂದ್ಮ್ಯಾಕೆ ನೀರು ಉಯ್ಯಬ್ಯಾಡ ಅಂದ್ರೆ ಎಂಗೆ?"

ಬೇರಿಗೂ ಗಾಳಿ ಬೇಕು ಅವ್ವ, ನೀರು ತುಂಬ್ಕೊಂಡ್ರೆ ಉಸಿರು ಕಟ್ಟಿ ಕೊಳೆಯತ್ತೆ ಅಂತೆಲ್ಲಾ ಹೇಳಿದೆ. ಅವ್ವ ನನ್ನ ಮುಖ ನೋಡ್ತಾ ಇದ್ಲು, ಮೊಣಕಾಲುದ್ದ ನೀರಲ್ಲಿ ನಿಂತು ಐವತ್ತು ವರ್ಷ ನಾಟಿ ಮಾಡಿದೋಳಿಗೆ ನೀರಲ್ಲಿ ಬೇರು ಕೊಳೆಯತ್ತೆ ಅಂತ ಹೇಳ್ತಿದೀನಿ ನಾನು. ಭತ್ತದ ಕಥೆ ಬೇರೆ, ಅದರ ದಂಟಿನೊಳಗೆ ಕೊಳವೆ ಥರ ಖಾಲಿ ಜಾಗ ಇರತ್ತೆ, ಎಲೆಯಿಂದ ಗಾಳಿ ಅದರಲ್ಲೇ ಇಳಿದು ಬೇರಿಗೆ ಹೋಗತ್ತೆ, ಎಲ್ಲಾ ಗಿಡಕ್ಕೂ ಆ ಭಾಗ್ಯ ಇಲ್ಲ. ಇದನ್ನ ಅವ್ವನಿಗೆ ಹೆಂಗೆ ಹೇಳೋದು ಅಂತ ಯೋಚಿಸ್ತಾ ಇರೋವಾಗ ಬಾಯಿಗೆ ಬಂದಿದ್ದು ಕಬ್ಬು.

"ಅವ್ವ, ನಾಲೆ ಪಕ್ಕದ ನಮ್ಮ ಕಬ್ಬಿನ ಗದ್ದೆ ಒಂದು ವರ್ಷ ಕೆಂಪಾಯ್ತಲ್ಲ, ಯಾಕೆ?"

"ಜೌಗು ಹತ್ತಿತ್ತು. ಬಸಿಗಾಲುವೆ ಮುಚ್ಚೋಗಿತ್ತಲ್ಲ..." ಅಂದೋಳು ಸುಮ್ನಾದ್ಲು. ಬಗ್ಗಿ ಜೀಜೀ ಬುಡ ಮುಟ್ಟಿದ್ಲು, ಬೆರಳಿಗೆ ಹತ್ತಿದ ಕೆಸರನ್ನ ಹೆಬ್ಬೆರಳಲ್ಲಿ ಉಜ್ಜಿ ನೋಡಿದ್ಲು. "ಮದ್ಲೇ ಯೋಳಬಾರ್ದಾ ಮತ್ತೆ, ಇದು ಕಬ್ಬಿನ ಜಾತಿ ಅಂತ!"

ಅಷ್ಟೇ, ಅವತ್ತಿಂದ ನಮ್ಮನೆ ಗಿಡಗಳು ಎರಡು ಜಾತಿ ಆದ್ವು, ಭತ್ತದ ಜಾತಿ, ಕಬ್ಬಿನ ಜಾತಿ. ಬಾಲ್ಕನಿ ದೊಡ್ಡಪತ್ರೆ, ಲೋಳೆಸರ, ಸ್ನೇಕ್ ಪ್ಲಾಂಟ್, ಜೀಜೀ ಎಲ್ಲಾ ಕಬ್ಬಿನ ಜಾತಿ. ಕರಿಬೇವು ಯಾವ ಜಾತಿ ಅಂತ ಇನ್ನೂ ತಗಾದೆ ನಡೀತಿದೆ.

ಚೊಂಬು ಮಾತ್ರ ನಿಲ್ಲಲಿಲ್ಲ. ಆ ಕೈಗೆ ಬೆಳಗ್ಗೆ ಎದ್ದು ಎಲ್ಲಾದ್ರೂ ನೀರು ಹಾಯಿಸ್ಲೇಬೇಕು, ನಾಲ್ಕು ವರ್ಷದಿಂದ ಗದ್ದೆ ಇಲ್ಲ, ನಾಲೆ ಸರದಿ ಇಲ್ಲ, ರಾತ್ರಿ ಎದ್ದು ತೂಬು ತಿರುಗಿಸೋದಿಲ್ಲ. ಮೂರು ದಿನ ಸುಮ್ನಿದ್ದು ನಾಲ್ಕನೇ ದಿನ ಚೊಂಬು ಹಿಡ್ಕೊಂಡು ರೂಮಿನ ಬಾಗಿಲಲ್ಲಿ ನಿಂತಿದ್ಲು, ಒಳಗೆ ಬರ್ಲಿಲ್ಲ. ಇನ್ನು ಇದನ್ನ ಬುದ್ಧಿ ಹೇಳಿ ಸರಿ ಮಾಡೋದಲ್ಲ, ಗಿಡಾನೇ ಬದಲಾಯಿಸೋದು ಅನ್ನಿಸ್ತು. ಕಮ್ಮಿ ಆರೈಕೆ ಗಿಡ ಅಂತ ಪಟ್ಟಿ ಕೊಡೋರು ಯಾರೂ ನಿಮ್ಮನೇಲಿ ಯಾರ್ಯಾರಿದಾರೆ ಅಂತ ಕೇಳಲ್ಲ. ಮರೆವಿನವರ ಮನೆಗೆ ಜೀಜೀ ಸರಿ, ಚೊಂಬಿನವರ ಮನೆಗೆ ಜೀಜೀ ಅಂದ್ರೆ ಅದಕ್ಕಿಂತ ಕಷ್ಟದ ಗಿಡ ಇನ್ನೊಂದಿಲ್ಲ, ದಿನಾ ಕಾವಲು ಕೂರ್ಬೇಕು.

ಶನಿವಾರ ಹೋಗಿ ಪೀಸ್ ಲಿಲ್ಲಿ ತಂದೆ. ಅದು ಕಬ್ಬಿನ ಜಾತಿ ಅಲ್ಲ, ಪೂರ್ತಿ ಭತ್ತವೂ ಅಲ್ಲ, ತಟ್ಟೇಲಿ ನೀರು ನಿಂತ್ರೆ ಅದಕ್ಕೂ ಆಗಲ್ಲ, ಆದ್ರೆ ಮಣ್ಣು ತೇವ ಇರ್ಬೇಕು, ನೀರು ಹಾಕೋರು ಮನೇಲಿದ್ರೆ ಖುಷಿಯಾಗಿರತ್ತೆ. ಇದರ ಒಂದು ಗುಣ ಏನಂದ್ರೆ ಬಾಯಾರಿದ್ರೆ ಎಲೆ ಎಲ್ಲಾ ಜೋತು ಬಿಟ್ಟು ಸತ್ತೇ ಹೋದಂಗೆ ಬಿದ್ಕೊಳತ್ತೆ, ನೀರು ಕೊಟ್ರೆ ಕೆಲವು ಗಂಟೇಲಿ ಏನೂ ಆಗಿಲ್ಲ ಅನ್ನೋ ಥರ ಎದ್ದು ನಿಲ್ಲತ್ತೆ. ಮೊದಲನೇ ಸಲ ಇದನ್ನ ನೋಡಿ ಅವ್ವ ಮಧ್ಯಾಹ್ನ ಊಟ ಮಾಡ್ತಾ ಮೂರು ಸಲ ಎದ್ದು ಹೋಗಿ ನೋಡಿ ಬಂದ್ಲು. "ಇದಕ್ಕೆ ಬಾಯಿ ಅದೆ ಕಣ್ಲಾ, ಕೇಳ್ತದೆ" ಅಂದ್ಲು. ಬಿಳೀ ಹೂ ಬಿಟ್ಟಾಗ ದೇವರಿಗೆ ಇಡಬಹುದಾ ಅಂತ ಕೇಳಿದ್ಲು, ಗೊತ್ತಿಲ್ಲ ಅಂದೆ, ಇಟ್ಲು.

ಈಗ ಮೂರು ಗಿಡ ಇದಾವೆ. ಸ್ನೇಕ್ ಪ್ಲಾಂಟ್ ಮ್ಯಾಟಿನ ತಲೆ ಕಡೆ ಮೂಲೇಲಿ, ಜೀಜೀ ಮಂಚದ ಪಕ್ಕದ ಸ್ಟೂಲ್ ಮೇಲೆ, ಮಗಳು ನಕ್ಷತ್ರ ಅಂಟಿಸಕ್ಕೆ ಹತ್ತಿದ್ದ ಸ್ಟೂಲೇ ಅದು. ಪೀಸ್ ಲಿಲ್ಲಿ ಕಿಟಕಿ ಹತ್ರ, ಬಾಗಿಲಿಂದ ಮೂರು ಹೆಜ್ಜೆ, ಅವ್ವನಿಗೆ ನನ್ನ ಮ್ಯಾಟ್ ದಾಟೋ ಕೆಲಸ ಇಲ್ಲ. ತಿಂಗಳಿಗೊಂದು ಭಾನುವಾರ ಒದ್ದೆ ಬಟ್ಟೇಲಿ ಎಲೆ ಒರೆಸ್ತೀನಿ, ನಮ್ಮ ರಸ್ತೆ ಅಗೆದು ಬಿಟ್ಟು ಹೋಗಿರೋದ್ರಿಂದ ಧೂಳು ಜಾಸ್ತಿ. ಹೊಳಪಿಗೆ ಅಂತ ಕೆಲವರು ಕೊಬ್ಬರಿ ಎಣ್ಣೆ, ಹಾಲು ಎಲ್ಲಾ ಹಚ್ತಾರೆ, ಬೇಡ, ಎಲೆ ಬಾಯಿ ಮುಚ್ಚಿಹೋಗತ್ತೆ, ಧೂಳು ಇನ್ನೂ ಅಂಟತ್ತೆ. ಗೊಬ್ಬರ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಂದು, ದಸರಾ ಆದ್ಮೇಲೆ ಒಂದು. ಬೋರ್‌ವೆಲ್ ನೀರು ಹಾಕಿದ್ರೆ ಮಣ್ಣಿನ ಮೇಲೆ ಬಿಳೀ ಉಪ್ಪು ಕಟ್ಟತ್ತೆ, ಸ್ಪೈಡರ್ ಪ್ಲಾಂಟ್ ಎಲೆ ತುದಿ ಸುಟ್ಟ ಹಾಗೆ ಆಗೋದು ಬಹಳ ಸಲ ಅದಕ್ಕೇ, ಕಾವೇರಿ ನೀರು ಬರೋರಿಗೆ ಆ ತೊಂದರೆ ಕಮ್ಮಿ. ಅವ್ವ ಅದಕ್ಕೂ ಒಂದು ಮಾತು ಹೇಳ್ತಾಳೆ, ಕನ್ನಂಬಾಡಿ ನೀರು ಊರಲ್ಲೂ ಅದೇ ಇಲ್ಲೂ ಅದೇ, ಗಿಡಕ್ಕೇನು ಗೊತ್ತಾಯ್ತದೆ ಅಂತ.

ಮೊನ್ನೆ ಮಗಳು ವಿಡಿಯೋ ಕಾಲಲ್ಲಿ ರೂಮ್ ತೋರಿಸಿ ಅಂದ್ಲು. ಫೋನ್ ತಿರುಗಿಸಿ ಗಿಡ ತೋರಿಸಿದೆ, ಮ್ಯಾಟ್ ತೋರಿಸಿದೆ, ಅಪ್ಪ ಮೇಲೆ ತೋರಿಸಿ ಅಂದ್ಲು. ತೋರಿಸಿದೆ. ಓಕೆ ಅಂತ ಹೇಳಿ ಬೇರೆ ಮಾತಿಗೆ ಹೋದ್ಲು.

ಇವತ್ತು ಬೆಳಗ್ಗೆ ಆರೂವರೆ, ಕೊನೇ ಶವಾಸನ. ಟ್ಯಾಂಕ್ ಪಕ್ಕದ ಬಿಸಿಲು ಕಾಲ್ಬೆರಳಿಗೆ ಬಂದಿತ್ತು, ಸೊಂಟ ನೋಯ್ತಿರಲಿಲ್ಲ, ಉಸಿರು ನಿಧಾನಕ್ಕೆ ಬಂದು ಹೋಗ್ತಾ ಇತ್ತು. ಬಳೆ ಸದ್ದು, ಹಗೂರ ಹೆಜ್ಜೆ, ಬೆರಳ ಸಂದಿಯಿಂದ ನೀರು ಚದುರಿ ಬೀಳೋ ಸದ್ದು, ಒಂದು ಕಡೆ ಮಾತ್ರ. ನಾನು ಕಣ್ಣು ಬಿಡಲಿಲ್ಲ. ಹೆಜ್ಜೆ ವಾಪಸ್ ಬಾಗಿಲವರೆಗೂ ಹೋಗಿ ಅಲ್ಲಿ ನಿಂತ್ಕೊಳ್ತು, ಸ್ವಲ್ಪ ಹೊತ್ತು ಏನೂ ಇಲ್ಲ.

"ಎದ್ದಿದೀಯೇನ್ಲಾ," ಅಂದ್ಲು ಅವ್ವ, "ಇಲ್ಲಾ ನಿದ್ದೆ ಹೋದ್ಯಾ?"